ಆ ‘ನಾಲ್ಕು ಜನ’ ಯಾರು ಸ್ವಾಮಿ?

ಬೆಂಗಳೂರಿನಲ್ಲಿ ಯಾವುದಾದರೂ ಪುಸ್ತಕ ಬಿಡುಗಡೆಗೆ ಹೋಗಿ. ಭಾಷಣ ಎಲ್ಲ ಮುಗಿದ ಮೇಲೆ ಹೊರಗೆ ಉಪ್ಪಿಟ್ಟು ಕಾಫಿ ಕೊಡುವ ಜಾಗದಲ್ಲಿ ಹತ್ತು ನಿಮಿಷ ನಿಲ್ಲಿ. ಒಬ್ಬರಾದರೂ ಈ ಮಾತು ಹೇಳೇ ಹೇಳ್ತಾರೆ: “ನಾನು ಈ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಯಾವುದನ್ನೂ ಇಟ್ಕೊಂಡಿಲ್ಲಪ್ಪ.” ಹೇಳುವಾಗ ಮುಖದಲ್ಲೊಂದು ತೃಪ್ತಿ ಇರುತ್ತೆ. ಸಿಗರೇಟು ಬಿಟ್ಟು ಆರು ತಿಂಗಳಾದವರಿಗೆ ಇರುತ್ತಲ್ಲ, ಹಾಗೆ. ಸುತ್ತ ನಿಂತವರು “ಪುಣ್ಯವಂತರು ಬಿಡಿ ನೀವು” ಅಂತಾರೆ. ಅಂದು, ತಮ್ಮ ತಮ್ಮ ಮೊಬೈಲು ತೆಗೆದು ನೋಡ್ಕೊಳ್ತಾರೆ :-)

ಹೀಗೆ ಹೇಳುವ ಹಿರಿಯರ ಬಗ್ಗೆ ನನ್ನ ತಕರಾರೇನೂ ಇಲ್ಲ. ಅವರಿಗೆ ಪ್ರಕಾಶಕರಿದ್ದಾರೆ, ಫೋನ್ ಮಾಡಿದರೆ ಎತ್ತುವ ಸಂಪಾದಕರಿದ್ದಾರೆ, ವರ್ಷಕ್ಕೆ ನಾಲ್ಕು ಸಾಹಿತ್ಯ ಸಮ್ಮೇಳನದ ಆಹ್ವಾನ ಪತ್ರಿಕೆಯಲ್ಲಿ ಹೆಸರಿರುತ್ತೆ. ಬೇಕಾದ್ದು ಬೇರೆ ದಾರಿಯಲ್ಲಿ ಸಿಕ್ಕಿರುವಾಗ ಇದು ಯಾಕೆ ಬೇಕು? ನನ್ನ ತಕರಾರು ಇರೋದು ಅದೇ ಮಾತನ್ನ ಅದೇ ಧಾಟಿಯಲ್ಲಿ ಒಪ್ಪಿಸುವ ನಮ್ಮ ವಯಸ್ಸಿನವರ ಬಗ್ಗೆ. ಅದರಲ್ಲೂ ನಮ್ಮ ಕಡೆಯವರ ಬಗ್ಗೆ. ಹೊಸಪೇಟೆ, ಕಂಪ್ಲಿ, ಸಂಡೂರು, ಮೆಟ್ರಿ, ದರೋಜಿ ಅಂತ ಊರುಗಳಿಂದ ಬಂದು, ಹಗಲು ಯಾವುದೋ ಟೆಕ್ ಪಾರ್ಕಿನಲ್ಲಿ ಕೂತು ರಾತ್ರಿ ಕಥೆ ಕವನ ಬರೆಯುವವರ ಬಗ್ಗೆ. ಇವರಿಗೆ ಪ್ರಕಾಶಕರು ಗೊತ್ತಿಲ್ಲ. ಸಂಪಾದಕರಿಗೆ ಇವರು ಗೊತ್ತಿಲ್ಲ. ಸಮ್ಮೇಳನದಲ್ಲಿ ಇವರ ಪಾಲಿಗೆ ಊಟದ ಸಾಲು ಬಿಟ್ಟರೆ ಬೇರೆ ಏನೂ ಇಲ್ಲ. ಇಂಥವರು ಸೋಶಿಯಲ್ ಮೀಡಿಯಾ ಬೇಡ ಅಂದರೆ ಉಳಿಯೋದೇನು? ಗೂಗಲ್ ಡ್ರೈವಿನಲ್ಲಿ ಒಂದು ಫೋಲ್ಡರು.

ನನ್ನ ಗೆಳೆಯನೊಬ್ಬನಿದ್ದಾನೆ, ಮೆಟ್ರಿ ಕಡೆಯವನು. ಅವನ ಹತ್ತಿರ ಹದಿನಾಲ್ಕು ಕಥೆಗಳಿವೆ. ಓದಿದವರು ನಾವು ಮೂರು ಜನ. ಗದ್ದೆಗೆ ನೀರು ಬಿಡುವ ಸರದಿಗಾಗಿ ರಾತ್ರಿ ಇಡೀ ಕಾಲುವೆ ಕಾಯುವವನ ಮೇಲೆ ಒಂದು ಕಥೆ ಬರೆದಿದ್ದಾನೆ. ಅದನ್ನ ಓದಿ ಎರಡು ದಿನ ನನಗೆ ಕೆಲಸ ಮಾಡೋಕಾಗಲಿಲ್ಲ. ಯಾಕೋ ಹಾಕಲ್ಲ ಇದನ್ನ ಎಲ್ಲೂ, ಅಂತ ಕೇಳಿದರೆ ಮೊದಲು ಬರೋದು ದೊಡ್ಡ ದೊಡ್ಡ ಕಾರಣಗಳು. ಅಲ್ಗಾರಿದಮ್ಮು ನಮ್ಮ ಗಮನ ಕದಿಯುತ್ತೆ. ಅಮೆರಿಕದ ಕಂಪನಿ ನಮ್ಮ ಡೇಟಾ ಮಾರ್ಕೊಳ್ಳುತ್ತೆ. ಸಾಹಿತ್ಯಕ್ಕೆ ಏಕಾಂತ ಬೇಕು. (ಇದನ್ನೆಲ್ಲ ಹೇಳುವವನ ಕೆಲಸ ಏನು ಅಂದುಕೊಂಡಿರಿ? ಜಾಹೀರಾತು ತೋರಿಸುವ ಸಾಫ್ಟ್‌ವೇರ್ ಬರೆಯೋದು!) ಎರಡನೇ ಚಹಾಕ್ಕೆ ಕಾರಣ ಸ್ವಲ್ಪ ಚಿಕ್ಕದಾಗುತ್ತೆ: “ಇನ್ನೂ ತಿದ್ದಬೇಕಲೇ.” ಮೂರನೇ ಚಹಾಕ್ಕೆ ನಿಜ ಬರುತ್ತೆ: “ಊರಾಗಿನ ಗ್ರೂಪಿಗೆ ಹಾಕಿ ನಗ್ತಾರಪ.”

ಅಷ್ಟೇ. ಜುಕರ್‌ಬರ್ಗೂ ಇಲ್ಲ, ಅಲ್ಗಾರಿದಮ್ಮೂ ಇಲ್ಲ. ನಾಲ್ಕು ಜನ ಏನಂದಾರು!

ಈ ನಾಲ್ಕು ಜನ ಯಾರು ಅಂತ ಒಂದು ಸಲ ಹೆಸರು ಹಿಡಿದು ಎಣಿಸಿ ನೋಡಿ. ಪ್ರಪಂಚದಲ್ಲಿ ಕೋಟಿಗಟ್ಟಲೆ ಜನ ಇಂಟರ್‌ನೆಟ್ಟಿನಲ್ಲಿದ್ದಾರೆ, ಅವರ್‍ಯಾರ ಭಯವೂ ನಮಗಿಲ್ಲ. ಬ್ರೆಜಿಲ್‌ನಲ್ಲಿ ಕೂತವನು ನಕ್ಕರೆ ನಮಗೇನು? ನಮಗೆ ಭಯ ಇರೋದು ದೊಡ್ಡಪ್ಪನ ಮಗನದ್ದು. ಹತ್ತನೇ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರ್‍ತಿದ್ದವನದ್ದು. ಆಫೀಸಿನಲ್ಲಿ ಮೂರು ಕ್ಯುಬಿಕಲ್ ಆಚೆ ಕೂರುವ, ಕನ್ನಡ ಬರುವ ಆ ಒಬ್ಬ ಮ್ಯಾನೇಜರನದ್ದು. ‘ಇವನಿಗ್ಯಾಕೆ ಬೇಕಿತ್ತು ಇದೆಲ್ಲ’ ಅಂತ ಅವರು ಅಂದುಕೊಳ್ತಾರೆ ಅಂತ ನಾವು ಅಂದುಕೊಳ್ತೀವಿ. ಇಪ್ಪತ್ತೋ ಮೂವತ್ತೋ ಮುಖಗಳು. ಅಂದರೆ ಇದು ಸೋಶಿಯಲ್ ಮೀಡಿಯಾದ ಭಯವೇ ಅಲ್ಲ. ಊರ ಕಟ್ಟೆಯ ಭಯ. ಕಟ್ಟೆ ಈಗ ಮೊಬೈಲಿನೊಳಗೆ ಬಂದಿದೆ, ಅಷ್ಟೇ ವ್ಯತ್ಯಾಸ.

ಊರ ಕಟ್ಟೆಯ ಮಾತು ಬಂತು ಅಂದಮೇಲೆ ದರೋಜಿ ಈರಮ್ಮನ ಮಾತು ಬರಲೇಬೇಕು. ಮೆಟ್ರಿಗೂ ದರೋಜಿಗೂ ಅಂಥ ದೂರವೇನಿಲ್ಲ. ಆದರೆ ದರೋಜಿ ಅಂದರೆ ಇವತ್ತಿನ ಹುಡುಗರಿಗೆ ನೆನಪಾಗೋದು ಕೆರೆ ಮತ್ತು ಕರಡಿಧಾಮ. ಬುರ್ರಕಥಾ ಈರಮ್ಮ ಅಂದರೆ “ಯಾರು?” ಅಂತಾರೆ. ಬುಡ್ಗಜಂಗಮ ಅನ್ನೋ ಅಲೆಮಾರಿ ಸಮುದಾಯದ ಹೆಣ್ಣುಮಗಳು. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕಂದಿನಲ್ಲೇ ಮನೆಯವರ ಜೊತೆ ಊರೂರು ತಿರುಗುತ್ತಾ ಕಥೆ ಹಾಡೋದು ಕಲಿತವರು. ಹನ್ನೆರಡು ದೊಡ್ಡ ಕಾವ್ಯಗಳು ಅವರಿಗೆ ಬಾಯಿಪಾಠ. ಬರೆದಿಟ್ಟರೆ ಸಾವಿರಾರು ಪುಟ. ನಮ್ಮ ಕಂಪ್ಲಿಯ ಕುಮಾರರಾಮನ ಕಥೆಯೂ ಅದರಲ್ಲಿತ್ತು, ಬಾಲನಾಗಮ್ಮನ ಕಥೆಯೂ ಇತ್ತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಈಗ ಆ ಕಸುಬಿನ ಸ್ವರೂಪ ಸ್ವಲ್ಪ ಯೋಚನೆ ಮಾಡಿ. ಗೊತ್ತಿಲ್ಲದ ಊರು. ಯಾರೂ ಕರೆದಿಲ್ಲ. ತಂಬೂರಿ ಹಿಡಿದು ಅವರೇ ಹೋಗಿ ಮನೆ ಮುಂದೆ, ಕಟ್ಟೆ ಮುಂದೆ ನಿಲ್ಲಬೇಕು. ಎದುರಿಗೆ ನಿಂತವರ ಜಾತಿ ದೊಡ್ಡದು, ಹೊಲ ದೊಡ್ಡದು, ಬಾಯಿ ದೊಡ್ಡದು. ಕಥೆ ಇಷ್ಟವಾದರೆ ಕಾಳುಕಡಿ, ಇಲ್ಲವಾದರೆ “ಮುಂದಕ್ಹೋಗಮ್ಮ”. ನಾವು ‘ಟ್ರೋಲ್’ ಅಂತ ಏನನ್ನ ಕರೀತೀವೋ ಅದು ಅಲ್ಲಿ ಒಂದು ಮಾರು ದೂರದಲ್ಲಿ, ಬಿಸಿ ಉಸಿರು ತಾಗುವಷ್ಟು ಹತ್ತಿರದಲ್ಲಿ ನಿಂತಿರುತ್ತೆ. ಬ್ಲಾಕ್ ಬಟನ್ ಇಲ್ಲ. ಲಾಗೌಟ್ ಇಲ್ಲ. ಅಂಥ ಬಾಳಿನಲ್ಲಿ ಭಯವೇ ಇರಲಿಲ್ಲ ಅಂತ ನಾನು ಹೇಳ್ತಿಲ್ಲ, ಹೇಳೋಕೆ ನಾನ್ಯಾರು? ಇದ್ದೇ ಇರುತ್ತೆ. ಆದರೆ “ನನಗೆ ಏಕಾಂತ ಬೇಕು, ನಾನು ಕಟ್ಟೆಗೆ ಹೋಗಲ್ಲ” ಅನ್ನುವ ಸೌಕರ್ಯ ಇರಲಿಲ್ಲ. ಹೋಗದಿದ್ದರೆ ಒಲೆ ಹತ್ತುತ್ತಿರಲಿಲ್ಲ. ನಾವು ಪಾವಿತ್ರ್ಯ ಅಂತ ಕರೆಯುವ ಈ ಮೌನ ಇದೆಯಲ್ಲ, ಇದು ತಿಂಗಳ ಕೊನೆಗೆ ಸಂಬಳ ಬರುವವರ ಮೌನ.

ಇನ್ನೊಂದು ವಿಷಯ. ಬುರ್ರಕಥೆಯಲ್ಲಿ ಮುಖ್ಯ ಕಥೆಗಾರ್ತಿಯ ಜೊತೆ ಇಬ್ಬರು ಇರ್‍ತಾರೆ. ಅವರು ವಾದ್ಯ ಬಾರಿಸುತ್ತಾ ಪಲ್ಲವಿ ಎತ್ತಿ ಕೊಡ್ತಾರೆ, ನಡುನಡುವೆ ಹೂಂಗುಡ್ತಾರೆ, ಪ್ರಶ್ನೆ ಕೇಳ್ತಾರೆ. ನಮ್ಮಜ್ಜಿಯರೂ ಅಷ್ಟೇ, ಕಥೆ ಹೇಳುವಾಗ “ಹೂಂ ಅನ್ನು, ಇಲ್ಲಾಂದ್ರ ಹೇಳಂಗಿಲ್ಲ” ಅಂತಿದ್ದರು, ನೆನಪಿದೆಯಾ? ಕಥೆಗೆ ಹೂಂಗುಟ್ಟುವವರು ಬೇಕು ಅನ್ನೋದು ಅಂಗಲಾಚುವಿಕೆ ಅಲ್ಲ, ಅದು ಕಥೆಯ ಅಂಗವೇ. ಫೇಸ್‌ಬುಕ್ಕು ಲೈಕ್ ಬಟನ್ ತಂದಿದ್ದು 2009ರಲ್ಲಿ. ಆ ಹೊತ್ತಿಗೆ ಈರಮ್ಮ ಎಂಬತ್ತರ ಹತ್ತಿರ ಇದ್ದರು, ಒಂದು ಆಯಸ್ಸಿನಷ್ಟು ಹೂಂ ಕೇಳಿಸಿಕೊಂಡಿದ್ದರು. ಹಾಗಾಗಿ “ಲೈಕಿಗಾಗಿ ಬರೆಯೋದು ಕೀಳು” ಅಂತ ಯಾರಾದರೂ ಹೇಳಿದಾಗ ನನಗೆ ನಗು ಬರುತ್ತೆ. ಲೈಕಿಗಾಗಿ ಬರೀಬೇಡಿ, ಸರಿ. ಆದರೆ ಒಂದು ಹೂಂ ಸಹ ಕೇಳಿಸಿಕೊಳ್ಳದೆ ಹದಿನಾಲ್ಕು ಕಥೆ ಬರೆದವನಿಗೆ ಹದಿನೈದನೆಯದನ್ನ ಬರೆಯೋಕೆ ಎಲ್ಲಿಂದ ಉಸಿರು ಬರಬೇಕು? ಅವನು ಈಗ ಒಂದೂವರೆ ವರ್ಷದಿಂದ ಏನೂ ಬರೆದಿಲ್ಲ. ನಷ್ಟ ಅಂದರೆ ಇದು.

ಹಾಗಂತ ಈ ಹಿಂಜರಿಕೆ ಕನ್ನಡಕ್ಕೆ ಹೊಸದೇನಲ್ಲ. ಮುದ್ದಣನ್ನ ನೆನಪು ಮಾಡ್ಕೊಳ್ಳಿ. ನಂದಳಿಕೆ ಲಕ್ಷ್ಮೀನಾರಣಪ್ಪ, 1870ರಿಂದ 1901, ಮೂವತ್ತೊಂದೇ ವರ್ಷ ಬದುಕಿದ್ದು. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ‘ರಾಮಾಶ್ವಮೇಧ’ ಬರೆದ ಮನುಷ್ಯ ಅದನ್ನ ತನ್ನದು ಅಂತ ಹೇಳಲಿಲ್ಲ. ಯಾರೋ ಹಳೇ ಕವಿಯ ಕೃತಿ ಎಂಬಂತೆ ಮೈಸೂರಿನ ಸಂಪಾದಕರಿಗೆ ಕಳಿಸಿದ. ಯಾಕೆ ಅನ್ನೋದಕ್ಕೆ ವಿದ್ವಾಂಸರು ಏನೇನೋ ಹೇಳ್ತಾರೆ. ನನಗಂತೂ ಅದು ಬಹಳ ಪರಿಚಿತ ಕಾರಣ ಅನ್ಸುತ್ತೆ: ಕಸರತ್ತು ಮೇಷ್ಟ್ರು ಕಾವ್ಯ ಬರೆದರೆ ನಾಲ್ಕು ಜನ ಏನಂದಾರು! (ಸಾಫ್ಟ್‌ವೇರ್ ಇಂಜಿನಿಯರ್ ಕಥೆ ಬರೆದರೆ ಏನಂತಾರೋ ಅದನ್ನೇ.) ಆದರೆ ಒಂದು ವ್ಯತ್ಯಾಸ ನೋಡಿ. ಮುದ್ದಣ ಮುಚ್ಚಿಟ್ಟಿದ್ದು ಹೆಸರನ್ನ. ಕೃತಿಯನ್ನಲ್ಲ. ಕೃತಿಯನ್ನ ಕಳಿಸಿದ. ಕಳಿಸಿದ್ದಕ್ಕೇ ನಮಗೆ ಮನೋರಮೆ ಸಿಕ್ಕಿದಳು. ಗಂಡ ದೊಡ್ಡದಾಗಿ ಪದ್ಯದಲ್ಲಿ ಶುರು ಮಾಡೋಕೆ ಹೊರಟರೆ ಅವನನ್ನ ಅಲ್ಲೇ ತಡೆದು, ನನಗೆ ಅರ್ಥವಾಗೋ ಹಾಗೆ ಗದ್ಯದಲ್ಲಿ ಹೇಳು ಅನ್ನುವ ಹೆಂಡತಿ. ಅವಳಿಗಿಂತ ನೇರವಾಗಿ ಕಾಮೆಂಟ್ ಹಾಕುವವರು ಇವತ್ತಿಗೂ ಹುಟ್ಟಿಲ್ಲ ಬಿಡಿ. ಅವಳ ಮಾತಿಗೆ ಮುದ್ದಣ ಕೋಪ ಮಾಡ್ಕೊಂಡು ಅಕೌಂಟ್ ಡಿಲೀಟ್ ಮಾಡಲಿಲ್ಲ :-)

ಹೆಸರು ಮುಚ್ಚಿಡೋಕೆ ನಮ್ಮಲ್ಲಿ ಯಾವತ್ತೂ ದಾರಿ ಇತ್ತು. ಬೇಂದ್ರೆ ‘ಅಂಬಿಕಾತನಯದತ್ತ’ ಆದರು. ಮಾಸ್ತಿ ‘ಶ್ರೀನಿವಾಸ’ ಆದರು. ಅನಸೂಯಾ ಶಂಕರ್ ‘ತ್ರಿವೇಣಿ’ ಆದರು. ಯಾರೂ ಅವರನ್ನ ಫೇಕ್ ಪ್ರೊಫೈಲ್ ಅನ್ನಲಿಲ್ಲ. ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು (2023ರ ಏಪ್ರಿಲ್‌ನಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು) ವರ್ಷಾನುಗಟ್ಟಲೆ ತೊಗಲುಗೊಂಬೆ ಆಡಿಸಿದರಲ್ಲ, ಆ ಕಲೆಯ ವಿಧಾನವೇ ಪರದೆ ಹಿಂದೆ ನಿಲ್ಲೋದು. ಬೆಳಕು ಹಿಂದಿನಿಂದ ಬರುತ್ತೆ, ಗೊಂಬೆಯ ಬಣ್ಣ ಪರದೆ ಮೇಲೆ ಬೀಳುತ್ತೆ, ಕಲಾವಿದ ಕಾಣಲ್ಲ, ದನಿ ಮಾತ್ರ ಕೇಳುತ್ತೆ. ಮುಖ ತೋರಿಸೋಕೆ ಭಯವಾದರೆ ಪರದೆ ಹಿಂದೆ ನಿಲ್ಲಿ, ಯಾರು ಬೇಡ ಅಂದರು? ರೀಲ್ಸ್ ಮಾಡಿ, ಕುಣೀರಿ ಅಂತ ಯಾರೂ ಹೇಳ್ತಿಲ್ಲ. ಗೊಂಬೆಯನ್ನಾದರೂ ಆಡಿಸಿ.

ಈಗ ನಮ್ಮ ವೃತ್ತಿಯ ವಿಷಯಕ್ಕೆ ಬರ್‍ತೀನಿ, ಯಾಕಂದರೆ ಈ ಭಯ ನಮ್ಮವರಿಗೆ ಶೋಭಿಸೋದೇ ಇಲ್ಲ. ನಾವು ಇಡೀ ದಿನ ಮಾಡೋದೇನು? ಕೋಡ್ ಬರೆದು ರಿವ್ಯೂಗೆ ಕಳಿಸೋದು. ನಮಗಿಂತ ಎರಡು ವರ್ಷ ಚಿಕ್ಕವನೊಬ್ಬ ಅದಕ್ಕೆ ನಲವತ್ತು ಕಾಮೆಂಟ್ ಹಾಕ್ತಾನೆ. “ಈ ಫಂಕ್ಷನ್ ಯಾಕೆ ಬೇಕು?” “ಇದನ್ನ ಈಗಾಗಲೇ ಬೇರೆಯವರು ಬರೆದಿದ್ದಾರೆ.” “ಅರ್ಥವಾಗಲಿಲ್ಲ.” ನಾವೇನು ರಾಜೀನಾಮೆ ಕೊಟ್ಟು ಮೆಟ್ರಿಗೆ ಬಸ್ ಹತ್ತುತ್ತೀವಾ? ತಿದ್ದುತ್ತೀವಿ, ಇಲ್ಲವಾದರೆ ವಾದ ಮಾಡ್ತೀವಿ, ಮರ್ಜ್ ಮಾಡ್ತೀವಿ, ಊಟಕ್ಕೆ ಹೋಗ್ತೀವಿ. ಪ್ರೊಡಕ್ಷನ್ನಿಗೆ ಹೋದ ಮೇಲೂ ಬಗ್ ಬರುತ್ತೆ, ಗ್ರಾಹಕ ಬೈತಾನೆ, ಮಾರನೇ ದಿನ ಪ್ಯಾಚ್ ಹಾಕ್ತೀವಿ. ಯಾರದೋ ಕಂಪನಿಯ ಕೋಡಿಗೆ ಇಷ್ಟು ದಪ್ಪ ಚರ್ಮ ಬೆಳೆಸಿಕೊಂಡವರು ನಮ್ಮದೇ ಕಥೆಗೆ ಮಾತ್ರ ಎಳೇ ಬಾಳೆಎಲೆ ಆಗಿಬಿಡ್ತೀವಿ. “ಕೋಡ್ ಬೇರೆ, ಕಥೆ ಬೇರೆ, ಕಥೆಯಲ್ಲಿ ನಾನಿರ್‍ತೀನಿ” ಅಂತೀರಾ. ಒಪ್ಪಿದೆ. ಆದರೆ ನೀವಿರೋದರಿಂದಲೇ ಅದನ್ನ ತೋರಿಸಬೇಕಾದ್ದು.

ತಮಾಷೆ ಅಂದರೆ, ಅವರು ಊಹಿಸಿಕೊಂಡಿರುವ ಅವಮಾನ ಬಹುಪಾಲು ನಡೆಯೋದೇ ಇಲ್ಲ. ಫೀಡ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿರುವವರಿಗೆ ಇದು ಗೊತ್ತಿರಬೇಕು. ನೀವು ಹಾಕಿದ್ದು ನಿಮ್ಮ ಪಟ್ಟಿಯಲ್ಲಿರುವ ಎಲ್ಲರಿಗೂ ಹೋಗಲ್ಲ. ಮೊದಲು ಕೆಲವರಿಗೆ ತೋರಿಸ್ತಾರೆ, ಅವರು ನಿಂತು ಓದಿದರೆ, ಏನಾದರೂ ಅಂದರೆ, ಇನ್ನಷ್ಟು ಜನಕ್ಕೆ. ಇಲ್ಲವಾದರೆ ಅಲ್ಲಿಗೆ ತಣ್ಣಗಾಯ್ತು. ಅಂದರೆ ಹೊಸಬರ ಕಥೆಗೆ ಕಾದಿರೋದು ಉಗಿತ ಅಲ್ಲ, ನಿಶ್ಶಬ್ದ. ಆರು ಲೈಕು, ಅದರಲ್ಲೊಂದು ಓದದೇ ಒತ್ತಿದ್ದು. ನಿಜವಾಗಿ ಸಹಿಸೋದು ಕಲಿಯಬೇಕಾದ್ದು ಇದನ್ನ. ಉಗಿಸಿಕೊಳ್ಳೋಕೂ ಒಂದು ಯೋಗ್ಯತೆ ಬೇಕು ಸ್ವಾಮಿ, ಅದು ಮೊದಲ ದಿನವೇ ಬರಲ್ಲ.

ಆದರೂ ನಗುವವರು ಇದ್ದೇ ಇರ್‍ತಾರೆ, ಇಲ್ಲ ಅಂತಲ್ಲ. ಈ ನಗು ಎಲ್ಲಿಂದ ಬಂತು ಅಂತ ಸ್ವಲ್ಪ ಕೆದಕೋಣ. ಟಿಕ್‌ಟಾಕ್ ನೆನಪಿದೆಯಲ್ಲ? 2020ರ ಜೂನ್ 29ರಂದು ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಅದೂ ಒಂದು. ಅದಕ್ಕೆ ಮುಂಚೆ ಒಂದೆರಡು ವರ್ಷ, ನಮ್ಮ ಹಳ್ಳಿಗಳ ಹುಡುಗ ಹುಡುಗಿಯರು, ಟ್ರ್ಯಾಕ್ಟರ್ ಓಡಿಸೋರು, ಗಾರೆ ಕೆಲಸದೋರು, ಭತ್ತದ ಗದ್ದೆ ಬದುವಿನ ಮೇಲೆ ನಿಂತು ಹಾಡಿದರು, ಕುಣಿದರು, ಹಗರಣ ಮಾಡಿದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆಗ ಓದಿದ ಹುಡುಗರು ಏನು ಮಾಡಿದರು? ಆ ವಿಡಿಯೋಗಳನ್ನೇ ಹಾಸ್ಟೆಲ್ ಗ್ರೂಪಿಗೆ, ಆಫೀಸ್ ಗ್ರೂಪಿಗೆ ಹಾಕಿ ಬಿದ್ದು ಬಿದ್ದು ನಕ್ಕರು. ‘ಕ್ರಿಂಜ್’ ಅನ್ನೋ ಪದ ನಮ್ಮ ಕಡೆಯವರ ಬಾಯಿಗೆ ಬಂದದ್ದೇ ಆಗ. ಯಾರನ್ನ ನೋಡಿ ನಕ್ಕರು? ಬಣ್ಣ ನೋಡಿ, ಬಟ್ಟೆ ನೋಡಿ, ಮಾತಿನ ಧಾಟಿ ನೋಡಿ, ಹಿಂದೆ ಕಾಣುವ ತಗಡಿನ ಮನೆ ನೋಡಿ. ಈಗ ಅದೇ ಓದಿದ ಹುಡುಗ ತನ್ನ ಕವನ ಹಾಕೋಕೆ ಹೋದಾಗ ಕಿವಿಯಲ್ಲಿ ಕೇಳಿಸೋದು ಯಾರ ನಗು ಅಂದುಕೊಂಡಿರಿ? ಆ ಗ್ರೂಪಿನದ್ದೇ. ಗದ್ದೆ ಬದುವಿನ ಮೇಲೆ ಕುಣಿದವನಿಗಿಂತ ತಾನು ಬೇರೆ ಅಂತ ತೋರಿಸಿಕೊಳ್ಳೋದಕ್ಕೆ ಇವನು ಸುಮ್ಮನಿರ್‍ತಾನೆ. ಇದಕ್ಕೆ ‘ಅಭಿರುಚಿ’ ಅಂತ ಹೆಸರಿಡ್ತಾನೆ. ನನಗೆ ಸಿಟ್ಟು ಬರೋದು ಇಲ್ಲಿ.

ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಬಗ್ಗೆ ಎಲ್ಲರಿಗೂ ಗೊತ್ತು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಅಂತ ಹುಟ್ಟಿದವರು. ಹೆಣ್ಣಾಗಿ ಬಾಳಬೇಕು ಅಂದಾಗ ಮನೆ ಕಳಕೊಂಡರು, ವಿಷ ಕುಡಿದು ಬದುಕಿ ಉಳಿದರು, ಬೀದಿಯಲ್ಲಿ ಭಿಕ್ಷೆ ಬೇಡಿದರು. ಜೋಗತಿ ನೃತ್ಯ ಕಲಿತರು. ಎಲ್ಲಿ ಕಲ್ಲು ಬೀಳಬಹುದಿತ್ತೋ ಅಲ್ಲಿ ತಲೆ ಮೇಲೆ ಕೊಡ ಹೊತ್ತು ಕುಣಿದರು. 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಳ್ಳೋಕೆ ಹೋದಾಗ, ಪ್ರಶಸ್ತಿ ಮುಟ್ಟುವ ಮುಂಚೆ ಸೀರೆ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಆ ಕೆಲವೇ ಸೆಕೆಂಡಿನ ವಿಡಿಯೋ ದೇಶವೆಲ್ಲ ಓಡಾಡಿತು. ನಗುವವರ ಭಯ ಇದ್ದಿದ್ದರೆ, ಅಂಥ ಜಾಗದಲ್ಲಿ, ಅಷ್ಟು ಕ್ಯಾಮೆರಾ ಮುಂದೆ, ನಮ್ಮ ಕಡೆ ಮುದುಕಿಯರು ಮೊಮ್ಮಕ್ಕಳಿಗೆ ಮಾಡೋದನ್ನ ಮಾಡೋಕಾಗ್ತಿತ್ತಾ? ‘ಕ್ರಿಂಜ್’ ಅಂದಿದ್ದ ಅದೇ ಗ್ರೂಪುಗಳಲ್ಲಿ ಅವತ್ತು ಕೈಮುಗಿಯುವ ಇಮೋಜಿ ಬಂತು. ಪದ್ಮಶ್ರೀ ಬಂದ ಮೇಲೆ ಕೈಮುಗಿಯೋದು ಸುಲಭ.

ಇಷ್ಟಕ್ಕೂ ಒಬ್ಬ ತನ್ನ ಕಥೆ ಡ್ರೈವಿನಲ್ಲಿಟ್ಟುಕೊಂಡರೆ ನಿನಗೇನಯ್ಯ ನಷ್ಟ ಅಂತ ಕೇಳಬಹುದು. ಹೇಳ್ತೀನಿ. ಹೊಸಪೇಟೆ, ಕಂಪ್ಲಿ ಕಡೆಯ ಕನ್ನಡ ಇದೆಯಲ್ಲ, ಅದು ಮೈಸೂರಿನದ್ದೂ ಅಲ್ಲ, ಧಾರವಾಡದ್ದೂ ಅಲ್ಲ. ತೆಲುಗಿನ ಎಳೆ ಸೇರಿಕೊಂಡು, ಗಣಿ ಲಾರಿಯ ಪದ ಸೇರಿಕೊಂಡು, ಅದಕ್ಕೊಂದು ತನ್ನದೇ ಲಯ ಇದೆ. ಸಿನಿಮಾದಲ್ಲಿ ಆ ಮಾತು ಬಂದರೆ ಒಂದೋ ರೌಡಿ, ಇಲ್ಲವೇ ಕಾಮಿಡಿ. ಈಗ ರೀಲ್ಸ್‌ನಲ್ಲಿ ‘ಉತ್ತರ ಕರ್ನಾಟಕ ಸ್ಟೈಲ್’ ಅಂತ ಹೇಳಿ ಬೀದರಿನಿಂದ ಬಳ್ಳಾರಿವರೆಗೆ ಎಲ್ಲವನ್ನೂ ಒಂದೇ ಮಡಕೆಗೆ ಹಾಕಿ, ನಾಲ್ಕು “ಐತಿ”, ಎರಡು “ಮಗನ” ಸೇರಿಸಿ ಮಾರ್‍ತಾರೆ. ಇದನ್ನ ಬೈಯುವವರು ನಮ್ಮಲ್ಲಿ ಬಹಳ. ಆದರೆ ಅದರ ಎದುರಿಗೆ ಇಡೋಕೆ ನಮ್ಮ ಹತ್ತಿರ ಏನಿದೆ? ಇರೋದೆಲ್ಲ ಡ್ರೈವಿನಲ್ಲಿದೆ! ಕಾಲುವೆ ಕಾಯುವವನ ಮಾತು, ಅವನ ಬೈಗುಳ, ಅವನು ನಡುರಾತ್ರಿ ನಕ್ಷತ್ರ ನೋಡಿ ಹೊತ್ತು ಹೇಳುವ ರೀತಿ, ಅದು ಗೊತ್ತಿರುವವನು ಹಾಕಲ್ಲ. ಗೊತ್ತಿಲ್ಲದವನು ದಿನಕ್ಕೆ ಮೂರು ಹಾಕ್ತಾನೆ. ಹತ್ತು ವರ್ಷ ಬಿಟ್ಟು ನಮ್ಮ ಮಕ್ಕಳಿಗೆ ‘ನಮ್ಮೂರ ಮಾತು’ ಅಂದರೆ ಯಾವುದು ಗೊತ್ತಿರುತ್ತೆ ನೀವೇ ಹೇಳಿ. ಈರಮ್ಮ ಹೋದಾಗ ಅವರ ದನಿಯ ಜೊತೆ ಎಷ್ಟು ಹೋಯ್ತೋ. ಅವರದ್ದನ್ನ ವಿಶ್ವವಿದ್ಯಾಲಯದವರು ಬಂದು ಕೂತು ಒಂದಿಷ್ಟು ಬರೆದುಕೊಂಡರು. ನಮ್ಮದನ್ನ ಬರೆದುಕೊಳ್ಳೋಕೆ ಯಾರೂ ಬರಲ್ಲ. ಬರೆಯೋಕೆ, ಟೈಪ್ ಮಾಡೋಕೆ, ಹಾಕೋಕೆ ಎಲ್ಲ ನಮಗೇ ಬರುತ್ತೆ. ಹಾಕಲ್ಲ ಅಷ್ಟೇ.

ಇಷ್ಟು ಹೇಳಿ ಸುಮ್ಮನಾದರೆ ಅನ್ಯಾಯ ಆಗುತ್ತೆ. ನಿಜವಾದ ಭಯವೂ ಇದೆ. ಅದು ನಗುವವರ ಭಯ ಅಲ್ಲ. 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನ ಪೊಲೀಸರು ಹಿಡಿದುಕೊಂಡು ಹೋದರು, ಒಬ್ಬಳು ಫೇಸ್‌ಬುಕ್ಕಿನಲ್ಲಿ ಬಂದ್ ಬಗ್ಗೆ ಬರೆದಿದ್ದಕ್ಕೆ, ಇನ್ನೊಬ್ಬಳು ಅದನ್ನ ಲೈಕ್ ಮಾಡಿದ್ದಕ್ಕೆ. ಆ ಕಾಯ್ದೆಯ 66ಎ ಕಲಮನ್ನ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಕಿತ್ತುಹಾಕಿತು. ಕಿತ್ತುಹಾಕಿದರೂ ಕೇಸು ಜಡಿಯೋಕೆ ಬೇರೆ ಕಲಮುಗಳು ಉಳಿದಿವೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಾವಣಗೆರೆಯಲ್ಲಿ ದಲಿತ ವಿದ್ಯಾರ್ಥಿ ಹುಚ್ಚಂಗಿ ಪ್ರಸಾದ್ ಮೇಲೆ ಹಲ್ಲೆ ಆಯ್ತು, ಜಾತಿ ಬಗ್ಗೆ ಬರೆದಿದ್ದಕ್ಕೆ. ಬರೆದಿದ್ದು ಪುಸ್ತಕದಲ್ಲಿ, ಗಮನಿಸಿ. ಅದಕ್ಕೆ ಎರಡು ತಿಂಗಳು ಮುಂಚೆ, ಆಗಸ್ಟ್ 30ರಂದು, ಧಾರವಾಡದ ಮನೆ ಬಾಗಿಲಲ್ಲಿ ಕಲಬುರ್ಗಿಯವರನ್ನ ಕೊಂದರು. ನಮ್ಮ ಹಂಪಿ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು, ಸಂಶೋಧನೆ ಮಾಡಿ ಅಚ್ಚಿನಲ್ಲಿ, ವೇದಿಕೆಯ ಮೇಲೆ ಮಾತಾಡಿದವರು. ಹಾಗಾಗಿ “ಸೋಶಿಯಲ್ ಮೀಡಿಯಾ ಅಪಾಯ, ಪುಸ್ತಕ ಕ್ಷೇಮ” ಅನ್ನೋ ಮಾತೂ ಸುಳ್ಳೇ. ಅಪಾಯ ಇರೋದು ಹೇಳುವ ಮಾತಿನಲ್ಲಿ.

ಕಂಪ್ಲಿಯ ಒಬ್ಬ ಹುಡುಗಿ ಪ್ರೇಮದ ಮೇಲೆ ಒಂದು ಕವನ ಹಾಕಿದರೆ ಅರ್ಧ ಗಂಟೆಯಲ್ಲಿ ಇನ್‌ಬಾಕ್ಸಿಗೆ ಏನೇನು ಬರುತ್ತೆ ಅಂತ ನಮ್ಮಂಥ ಗಂಡಸರಿಗೆ ಗೊತ್ತಾಗಲ್ಲ. ಸಂಜೆಗೆ ಅವರಪ್ಪನಿಗೆ ಫೋನ್ ಹೋಗಿರುತ್ತೆ. ಮಣ್ಣು, ಮರಳು, ಗಣಿ, ಗುತ್ತಿಗೆ ಅಂತ ಬರೆಯುವವನಿಗೂ ಹಾಗೇ, ಫೋನು ಬೇರೆ ಕಡೆಯಿಂದ ಬರುತ್ತೆ ಅಷ್ಟೇ. ಇಂಥವರಿಗೆ “ಧೈರ್ಯ ಮಾಡು” ಅನ್ನುವವರನ್ನ ಕಂಡರೆ ನನಗಾಗಲ್ಲ. ಧೈರ್ಯ ಮಾಡು ಅನ್ನುವವನು ರಾತ್ರಿ ಅವರ ಮನೆ ಬಾಗಿಲಲ್ಲಿ ಮಲಗ್ತಾನಾ? ಅವರಿಗೆ ಕಾವ್ಯನಾಮ ಇದೆ, ಕಾಮೆಂಟ್ ಮುಚ್ಚುವ ಸೌಲಭ್ಯ ಇದೆ, ಬ್ಲಾಕ್ ಮಾಡೋದು ಇದೆ, ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಕೊಂಡು ದೂರು ಕೊಡೋದು ಇದೆ, ಸುಮ್ಮನಿರುವ ಹಕ್ಕೂ ಇದೆ. ಅವರ ಮೌನ ಬೇರೆ. ಆದರೆ ಅವರ ಭಯವನ್ನ ನಮ್ಮ ಭಯಕ್ಕೆ ಮುಸುಕು ಮಾಡ್ಕೊಳ್ಳೋದಿದೆಯಲ್ಲ, “ಕಾಲ ಕೆಟ್ಟೋಗಿದೆ, ಏನು ಬರೆದರೂ ಹೊಡೀತಾರೆ” ಅಂತ ನಿಟ್ಟುಸಿರು ಬಿಟ್ಟು ಮಳೆಯ ಮೇಲಿನ ಕವನವನ್ನ ಮುಚ್ಚಿಡೋದು, ಅದು ನಾಚಿಕೆಗೇಡು. ಮಳೆ ಬಗ್ಗೆ ಬರೆದಿದ್ದಕ್ಕೆ ಯಾರೂ ಹೊಡೆಯಲ್ಲ ಸ್ವಾಮಿ. ಹಾಕಿ.

ಇನ್ನು “ನಿಮ್ಮನ್ನ ನೀವು ಬ್ರ್ಯಾಂಡ್ ಮಾಡಿಕೊಳ್ಳಿ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಪೋಸ್ಟ್ ಮಾಡಿ, ಮೊದಲ ಮೂರು ಸೆಕೆಂಡಿನಲ್ಲಿ ಹಿಡಿದಿಡಿ” ಅಂತ ಕೋರ್ಸು ಮಾರುವ ಮಹಾನುಭಾವರ ಬಗ್ಗೆ ಒಂದು ಸಾಲು ಸಾಕು: ಅವರನ್ನ ನಂಬಬೇಡಿ. ಬುರ್ರಕಥೆಯವರು ಒಂದು ಊರಲ್ಲಿ ಹಾಡಿ, ಸಿಕ್ಕಿದ್ದನ್ನ ಜೋಳಿಗೆಗೆ ಹಾಕ್ಕೊಂಡು ಮುಂದಿನ ಊರಿಗೆ ಹೋಗ್ತಿದ್ದರು. ಹಿಂದಿನ ಊರಿನವರು ಏನಂದುಕೊಂಡರು ಅಂತ ಪದೇ ಪದೇ ತಿರುಗಿ ಹೋಗಿ ಕದ ತಟ್ಟುತ್ತಿರಲಿಲ್ಲ. ನಾವು ಹಾಕಿದ ಐದು ನಿಮಿಷಕ್ಕೊಮ್ಮೆ ತೆರೆದು ನೋಡ್ತೀವಿ, ಅದೇ ರೋಗ. ಹಾಕಿ, ಮೊಬೈಲ್ ಬದಿಗಿಟ್ಟು, ಮುಂದಿನ ಕಥೆ ಶುರು ಮಾಡಿ. ಸಂಜೆ ಒಂದು ಸಲ ನೋಡಿದರೆ ಸಾಕು. ಮೆಟ್ರಿಯ ದೊಡ್ಡಪ್ಪನ ಮಗ ನಕ್ಕಿದ್ದರೆ ನಗಲಿ. ಅವನು ಓದಿದ ಅಂತಾಯ್ತು. ಅವನು ಕೊನೇ ಸಲ ಕನ್ನಡದಲ್ಲಿ ಒಂದು ಕಥೆ ಪೂರ್ತಿ ಓದಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇರಬೇಕು.

ಗೆಳೆಯನ ಹದಿನಾಲ್ಕು ಕಥೆ ಇನ್ನೂ ಡ್ರೈವಿನಲ್ಲೇ ಇವೆ. ಇದನ್ನ ಅವನು ಓದ್ತಾನೆ, ಓದಿ ನನಗೆ ಫೋನ್ ಮಾಡಿ ಬೈತಾನೆ, ಅದೂ ಗೊತ್ತು. ಲೇ, ಫೋನ್ ಮಾಡೋ ಬದಲು ಕಾಲುವೆ ಕಥೆ ಹಾಕು. ಮೊದಲ ಹೂಂ ನನ್ನದು.

ತಾ.ಕ.: ಹಾಕುವ ಮುಂಚೆ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಕೊಳ್ಳಿ, ಸಾದಾ ಟೆಕ್ಸ್ಟ್ ಫೈಲಿನಲ್ಲಿ, ಯೂನಿಕೋಡಿನಲ್ಲಿ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿದಾಗ ಅಲ್ಲಿ ಬರೆದುಕೊಂಡಿದ್ದವರ ಎಷ್ಟೋ ಕವನಗಳು ಹೋದವು. ಟಿಕ್‌ಟಾಕ್ ಹೋದಾಗ ಗದ್ದೆ ಬದುವಿನ ಹಾಡುಗಳು ಹೋದವು. ಹನ್ನೆರಡು ಕಾವ್ಯ ತಲೆಯಲ್ಲಿಟ್ಟುಕೊಳ್ಳೋಕೆ ನಮಗಂತೂ ಆಗಲ್ಲ. ಪೆನ್ ಡ್ರೈವ್ ಮುನ್ನೂರು ರೂಪಾಯಿಗೆ ಸಿಗುತ್ತೆ :-)